ಯಾರೂ ಅಟ್ಟದೆ ಓಡಿದವನು

"ಒಳೀಕ್ ಬಾ ಮಗಾ, ಬಿರ್ರನೆ ಬಾ!" ಎಂದು ಕೂಗುತ್ತಾ ರಸ್ತೆಗೇ ಇಳಿದು ಬಂದ ಅಜ್ಜಿಯೊಬ್ಬರು ನನ್ನ ರಟ್ಟೆ ಹಿಡಿದು ತಮ್ಮ ಮನೆಯೊಳಗೆ ಎಳೆದುಕೊಂಡು, ಚಿಲಕ ಹಾಕಿಬಿಟ್ಟರು. ಸಾನಮಾವು ಕಾಡಿನಂಚಿನ ಆ ರಸ್ತೆಯಲ್ಲಿ ನಾನು ಬೆಳಗಿನ ಓಟಕ್ಕೆ ಹೋದದ್ದು ಅದೇ ಮೊದಲು. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಒಂಟಿ ಆನೆನಾ, ಗುಂಪಾ?" ಎಂದು ಪಿಸುದನಿಯಲ್ಲಿ ಕೇಳಿದರು.

"ಆನೆ ಗೀನೆ ಏನಿಲ್ಲ ಅಜ್ಜಿ. ಮೈ ಕರಗ್ಲಿ ಅಂತ ಓಡ್ತಿದ್ದೆ," ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನೂ ಅಟ್ಟುಸ್ಕೊಂಡ್ ಬರ್ದೆ ಯಾರಾನಾ ಓಡ್ತಾರೇನ್ಲಾ?" ಎಂದವರೇ ನಗತೊಡಗಿದರು. ನನಗೂ ತಡೆಯಲಾಗಲಿಲ್ಲ. ಆ ಅರೆಗತ್ತಲ ನಡುಮನೆಯಲ್ಲಿ, ಹೆಸರೂ ಗೊತ್ತಿಲ್ಲದ ನಾವಿಬ್ಬರು ಗೋಡೆಗೊರಗಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ಇಳಿದ ಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದರು.

"ನಮ್ಮೆಜಮಾನ್ರೂ ಹಿಂಗೇ ಓಡ್ ಬಂದ್ರಂತೆ, ಹೊಲದಿಂದ. ಆನೆ ಹಿಂದೇನೇ ಇತ್ತಂತೆ. ನಾನು ಬೀಗ ಹಾಕ್ಕೊಂಡು ಕೆಲಮಂಗಲಕ್ಕೆ ಮಗಳ ಮನೆಗೆ ಹೋಗ್ಬುಟ್ಟಿದ್ದೆ. ಈ ಬಾಗ್ಲಲ್ಲೇ ಜೀವ ಬುಟ್ರು," ಎಂದರು.

ಅವರು ಎದ್ದು ಒಂದು ಲೋಟ ಮಜ್ಜಿಗೆ ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿದ್ದರು. ಆಮೇಲೆ ಚಿಲಕ ತೆಗೆದು, ರಸ್ತೆಯ ಎರಡೂ ದಿಕ್ಕು ನೋಡಿ ನನ್ನನ್ನು ಕಳಿಸಿದರು.

ಈಗಲೂ ಅದೇ ದಾರಿಯಲ್ಲಿ ಓಡುತ್ತೇನೆ. ಅಜ್ಜಿಯ ಮನೆ ಕಣ್ಣಿಗೆ ಬೀಳುತ್ತಲೇ ಓಟ ನಿಲ್ಲಿಸಿ, ಅವರ ಅಂಗಳ ದಾಟುವವರೆಗೂ ನಿಧಾನವಾಗಿ ನಡೆಯುತ್ತೇನೆ.