ಬಿಟ್ಟುಹೋಗದ ಫಾರಂ

ಅವಳನ್ನು ಎಲ್ಲರೂ ದಬ್ಬಳ ಎಂದೇ ಕರೆಯುತ್ತಿದ್ದರು. ಅವಳು ಕೆಲಸ ಮಾಡುತ್ತಿದ್ದ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ದಪ್ಪ ಹೊಲಿಗೆಯ ಸೂಜಿಗೆ ಆ ಹೆಸರು. ಅವಳೂ ಉದ್ದಕ್ಕೆ, ಸಣ್ಣಗೆ ಇದ್ದಳು, ಮಾತು ಚುಚ್ಚುತ್ತಿತ್ತು. ಹೆಸರಿಟ್ಟವರು ಹೆಚ್ಚು ತಲೆ ಕೆಡಿಸಿಕೊಂಡಿರಲಾರರು.

ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟಗಳ ಒಂದು ಕಟ್ಟಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಉದ್ದನೆಯ ಮೇಜಿನ ಸುತ್ತ ಫಾರಂಗಳ ರಾಶಿಗಳಿರುತ್ತವೆ. ಹೆಂಗಸರು ಮೇಜನ್ನು ಸುತ್ತುತ್ತ ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿ ಜೋಡಿಸುತ್ತಾರೆ. ಹಾಗೆ ಜೋಡಿಸಿದ್ದು ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಪ್ರತಿ ಫಾರಂನ ಬೆನ್ನಿನ ಮೇಲೆ ಒಂದು ಸಣ್ಣ ಕಪ್ಪು ಗುರುತಿರುತ್ತದೆ, ಹಿಂದಿನದಕ್ಕಿಂತ ತುಸು ಕೆಳಗೆ. ಎಲ್ಲವೂ ಸರಿಯಿದ್ದರೆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಮೆಟ್ಟಿಲು ತಪ್ಪಿದರೆ ಫಾರಂ ಬಿಟ್ಟುಹೋಗಿದೆ ಎಂದರ್ಥ. ಈ ಕೆಲಸಕ್ಕೆ ಪುಸ್ತಕದೊಳಗೆ ಏನಿದೆ ಎಂದು ತಿಳಿಯಬೇಕಿಲ್ಲ. ಫಾರಂ ಮುಗಿಯುವುದು ಮಾತು ಮುಗಿದಾಗ ಅಲ್ಲ, ಹಾಳೆ ಮುಗಿದಾಗ.

ಅವಳಿಗೆ ಒಬ್ಬ ತಮ್ಮ, ವೆಲ್ಡರ್. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಇದ್ದರು. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ಒಂದು ಮನೆಗೆ ಬಯ್ಯೋರು ಒಬ್ರು ಸಾಕು" ಎನ್ನುತ್ತಿದ್ದಳು. ಸಂಜೆ ತಮ್ಮನ ಕಣ್ಣು ಉರಿಯುತ್ತಿತ್ತು. ಒದ್ದೆ ಬಟ್ಟೆಯನ್ನು ಕಣ್ಣಿಗೆ ಹಾಕಿಕೊಂಡು ಅವನು ಮಲಗುತ್ತಿದ್ದ, ಅವಳು ಓದುತ್ತಿದ್ದಳು. ಓದುತ್ತಿದ್ದುದು ಡ್ರ್ಯಾಗನ್‌ಗಳ ಕಥೆ. ವರ್ಷ ಎರಡು ವರ್ಷಕ್ಕೊಂದು ಸಂಪುಟ ಅವಳ ಕಾರ್ಖಾನೆಗೇ ಕಟ್ಟಲು ಬರುತ್ತಿತ್ತು. ಕೆಟ್ಟ ಪ್ರತಿಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಹಾಗಾಗಿ ಅವರ ಮನೆಯ ಪ್ರತಿಯೊಂದು ಸಂಪುಟಕ್ಕೂ ಒಂದೊಂದು ಊನ. ಮೂರನೆಯದರ ರಟ್ಟು ತಲೆಕೆಳಗು. ಎರಡನೆಯದರಲ್ಲಿ ಒಂದು ಫಾರಂ ಎರಡು ಸಲ ಸೇರಿ, ಮುಂದಿನದು ಬಿಟ್ಟುಹೋಗಿತ್ತು: ಯುದ್ಧದಲ್ಲಿ ಸತ್ತ ರಾಜಕುಮಾರಿ ಮರುಪುಟದಲ್ಲಿ ಎದ್ದು ಕುದುರೆ ಹತ್ತಿದ್ದಳು. ತಮ್ಮ ಹಾಸಿಗೆಯಿಂದ ಎದ್ದು ಕೂತು, "ಇವನು ಬರೆಯೋದಾ, ಹುಡುಗಾಟ ಆಡೋದಾ?" ಎಂದು ಕೂಗಾಡಿದ್ದ. ಮರುದಿನ ಅವಳು ಬಿಟ್ಟ ಫಾರಂ ತಂದು ಓದಿದಾಗ ರಾಜಕುಮಾರಿ ಸತ್ತೇ ಇರಲಿಲ್ಲ, ಮೂರ್ಛೆ ಹೋಗಿದ್ದಳು. "ತಪ್ಪು ನಿಮ್ಮದು, ಬೈಗುಳ ಆ ಪಾಪದವನಿಗೆ" ಎಂದು ತಮ್ಮ ನಕ್ಕಿದ್ದ. ಅಂದಿನಿಂದ ಕಥೆಯಲ್ಲಿ ಏನು ಎಡವಟ್ಟಾದರೂ ಇಬ್ಬರೂ ಮೊದಲು ನೋಡುತ್ತಿದ್ದುದು ಪುಸ್ತಕದ ಬೆನ್ನನ್ನು.

ಕಥೆಯಲ್ಲಿ ಒಂದು ಮುದಿ ಡ್ರ್ಯಾಗನ್ ಇತ್ತು. ನಾಲ್ಕನೆಯ ಸಂಪುಟದಲ್ಲಿ ಕೋಟೆಯ ಬಾಗಿಲು ಬಿದ್ದು ಅದರ ರೆಕ್ಕೆ ಮುರಿಯಿತು. ಅಕ್ಕತಮ್ಮ ಅದಕ್ಕೆ ಮುರುಕ ಎಂದು ಹೆಸರಿಟ್ಟರು. ಐದನೆಯದರ ಕೊನೆಯಲ್ಲಿ ತನ್ನವರ ಮೂದಲಿಕೆ ತಾಳಲಾರದೆ ಮುರುಕ ಬೆಟ್ಟಗಳನ್ನು ದಾಟಲು ನಡೆದೇ ಹೊರಟ. ಹಾರುವ ಪ್ರಾಣಿ ನಡೆಯುವುದನ್ನು ಕಲಿಯುವ ಆ ಪುಟಗಳು ನಿಜವಾಗಿ ಚೆನ್ನಾಗಿದ್ದವು. ಉಗುರು ಸೀಳುತ್ತಿತ್ತು, ಜೋಲುವ ರೆಕ್ಕೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು. "ಬರೆಯೋನಿಗೆ ನೋವು ಅಂದ್ರೇನು ಗೊತ್ತು ಕಣಕ್ಕ" ಎಂದಿದ್ದ ತಮ್ಮ.

ಆ ಮೇಲೆ ಕೆಲಸದ ಜಾಗದಲ್ಲಿ ಅವನ ಪಾದದ ಮೇಲೆ ಕಬ್ಬಿಣದ ತೊಲೆ ಬಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಗಾಯ ಮಾಯಲಿಲ್ಲ, ಬೆರಳುಗಳು ಕಪ್ಪಗಾದವು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು ಎಂದರು ಆಸ್ಪತ್ರೆಯ ಡಾಕ್ಟರ್. ತಮ್ಮ ಒಪ್ಪಲಿಲ್ಲ. ಏಣಿ ಹತ್ತದ ವೆಲ್ಡರ್ ಯಾರಿಗೆ ಬೇಕು ಎಂದ. ಅವಳು ಬೈದಳು, ಅತ್ತಳು, ಮತ್ತೆ ಬೈದಳು. ಕೊನೆಗೆ ಅವನು ಕೇಳಿದ:

"ಆರನೇದು ಬಂತಾ?"

"ಅಚ್ಚಾಗಿದೆ. ಬರೋ ವಾರ ಕಟ್ಟೋಕೆ ಕೂರ್ತೀವಿ."

"ತಗೊಂಡು ಬಾ. ಮುರುಕ ಏನು ಮಾಡ್ತಾನೆ ನೋಡೋಣ. ಅವನು ನಡ್ಕೊಂಡೇ ಬದುಕಿದ್ರೆ ನಾನೂ ಹೂಂ ಅಂತೀನಿ."

"ಆಣೆ?"

"ಆಣೆ."

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಏನಮ್ಮ, ಕಥೆ ಪುಸ್ತಕ ಕೇಳಿ ಕಾಲು ತೆಗೆಸ್ಕೊಳ್ತಾರಾ? ವಿಷ ಮೇಲೆ ಹತ್ತುತ್ತಾ ಇದೆ. ಅದು ನಿಮ್ಮ ಪುಸ್ತಕಕ್ಕೆ ಕಾಯಲ್ಲ."

"ಬೇರೆ ಯಾವುದಕ್ಕೂ ಒಪ್ತಾ ಇಲ್ಲ ಡಾಕ್ಟ್ರೇ."

ಅದು ನಿಜವೇ. ಆದರೆ ಅವಳು ಬೇರೆ ದಾರಿ ಹುಡುಕುವುದನ್ನು ಬಿಟ್ಟಿದ್ದೂ ನಿಜ. ಮುರುಕ ಬದುಕುತ್ತಾನೆ ಎಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಷ್ಟು ಚೆನ್ನಾಗಿ ನಡೆಯಲು ಕಲಿಸಿದವನು ದಾರಿಯಲ್ಲಿ ಕೈಬಿಡುತ್ತಾನೆಯೇ?

ಕಟ್ಟಿದ ಮೊದಲ ದಿನವೇ ರಟ್ಟು ಸೊಟ್ಟಗಾದ ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಆಸ್ಪತ್ರೆಗೆ ಓಡಿದಳು. ಕಿಟಕಿಯಾಚೆ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಕಾಣದ ವಾರ್ಡು. ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡ ಒಬ್ಬ ಮುದುಕ ವಾಚ್‌ಮನ್. ಕರೆಯದಿದ್ದರೂ ಅವನೂ ಕೇಳುಗನಾದ.

ಮೊದಲ ಪುಟದಲ್ಲೇ ಮುರುಕ ಹಿಮದಲ್ಲಿ ನಡೆಯುತ್ತಿದ್ದ. ಹಸಿದಿದ್ದ, ಬಿದ್ದ, ಎದ್ದ. ತಮ್ಮ ಕಣ್ಣು ಮುಚ್ಚಿಕೊಂಡು ಕೇಳಿದ. ಮುರುಕ ಮುಂಗಾಲನ್ನು ಹಿಮದಿಂದ ಎತ್ತಿ, ದೂರದಲ್ಲಿ ಒಂದು ದೀಪ ಕಂಡ. ಅದು ಅರಮನೆಯ ದೀಪ. ಕಥೆ ಆ ದೀಪದ ಜೊತೆ ಅರಮನೆಯೊಳಗೆ ಹೋಯಿತು, ಹೋದದ್ದು ಹೊರಗೆ ಬರಲೇ ಇಲ್ಲ. ಯಾವ ರಾಜನ ಮಗಳನ್ನು ಯಾವ ರಾಜನ ಮಗನಿಗೆ ಕೊಡಬೇಕು, ಯಾರ ಕುರ್ಚಿ ಯಾರ ಕುರ್ಚಿಗಿಂತ ಎತ್ತರವಿರಬೇಕು, ಇದೇ ಮಾತು. ಅವಳು ಸಾಯಂಕಾಲಗಳೆಲ್ಲ ಓದಿದಳು. ಆಮೇಲೆ ರಜೆ ಹಾಕಿ ಹಗಲೂ ಓದಿದಳು.

"ತಾಯಿ, ಆ ಹುಡುಗಿ ಮದುವೆ ಆಯ್ತಾ?" ಎಂದು ವಾಚ್‌ಮನ್ ಎಚ್ಚರವಾದಾಗಲೆಲ್ಲ ಕೇಳುತ್ತಿದ್ದ.

"ಇನ್ನೂ ಮಾತುಕತೆ ತಾತ."

"ನಮ್ಮನೇಲಿ ಮೂರು ಹೆಣ್ಣುಮಕ್ಕಳ ಮದುವೆ ಇದಕ್ಕಿಂತ ಬೇಗ ಮುಗೀತು."

ತಮ್ಮ ನಗಲಿಲ್ಲ. ಜ್ವರ ಬರತೊಡಗಿತ್ತು. "ಬಿಟ್ಟು ಬಿಟ್ಟು ಓದು. ಮುರುಕ ಬರೋ ಕಡೆ ಹೋಗು" ಎಂದ. ಅವಳು ಪುಟ ಹಾರಿಸಿ ಹುಡುಕಿದಳು. ಕೊನೆಯ ಯುದ್ಧದಲ್ಲಿ ಸಿಕ್ಕಿದ. ಮೋಡ ಸೀಳಿಕೊಂಡು, ಎರಡು ರೆಕ್ಕೆ ಬಡಿಯುತ್ತ, ಬೆಂಕಿ ಕಾರುತ್ತ ಆಕಾಶದಿಂದ ಇಳಿದ.

"ತಡಿ. ಎಷ್ಟು ರೆಕ್ಕೆ?"

"ಎರಡು ಅಂತಿದೆ."

"ಮುರಿದಿದ್ದು?"

ಅವಳು ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ರೆಕ್ಕೆ ಯಾವಾಗ ಕೂಡಿತು, ಯಾರು ಕೂಡಿಸಿದರು, ಒಂದು ಸಾಲೂ ಇರಲಿಲ್ಲ. ಹಿಮದಲ್ಲಿ ಬಿದ್ದಿದ್ದವನು ಮೋಡದಿಂದ ಇಳಿದಿದ್ದ, ಅಷ್ಟೇ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಫಾರಂ ಬಿಟ್ಟುಹೋಗಿದೆ" ಎಂದಳು ಅವಳು. ಹೇಳುವಾಗ ಸಂತೋಷವೇ ಆಯಿತು.

"ಹಾಗೇ ಇರಬೇಕು. ರಾಜಕುಮಾರೀದು ಆದ ಹಾಗೆ."

"ನಾಳೆ ತರ್ತೀನಿ."

ಬಾಗಿಲಲ್ಲಿ ನಿಂತಿದ್ದ ನರ್ಸ್ ಅವಳ ತೋಳು ಹಿಡಿದು ಹೊರಗೆ ಕರೆದೊಯ್ದಳು. "ಅಕ್ಕ, ಮೊಣಕಾಲು ಊದಿಕೊಂಡಿದೆ, ನೋಡಿದ್ರಾ? ನಾಳೆ ನಾಳೆ ಅನ್ನಬೇಡಿ."

"ನಾಳೆ ಒಂದೇ ಸಿಸ್ಟರ್. ಆಮೇಲೆ ಅವನೇ ಒಪ್ತಾನೆ."

ಮರುದಿನ ಕಾರ್ಖಾನೆ ತೆರೆಯುವ ಮೊದಲೇ ಅವಳು ಬಾಗಿಲಲ್ಲಿದ್ದಳು. ತನ್ನ ಪ್ರತಿಯ ರಟ್ಟು ಕಿತ್ತಳು, ದಾರ ಕತ್ತರಿಸಿದಳು, ಗೋಂದು ಕೆರೆದು ಬೆನ್ನು ನೋಡಿದಳು. ಮೆಟ್ಟಿಲು ಮೇಲಿನಿಂದ ಕೆಳಗೆ ನೆಟ್ಟಗೆ ಇಳಿದಿತ್ತು. ಪುಟದ ಅಂಕಿಗಳೂ ಸಾಲಾಗಿದ್ದವು. ಹಾಗಾದರೆ ತಪ್ಪು ಎಲ್ಲ ಪ್ರತಿಗಳಲ್ಲೂ ಇರಬೇಕು, ಅಚ್ಚಿಗೆ ಹೋಗುವ ಮೊದಲೇ ಆಗಿರಬೇಕು. ಎಷ್ಟೋ ವರ್ಷ ಬೇರೆಯವರ ತಪ್ಪನ್ನು ಬೆನ್ನು ನೋಡಿ ಹಿಡಿದವಳು, ಬೆನ್ನು ಸರಿಯಿದ್ದರೂ ನಂಬಲಿಲ್ಲ.

"ಮೇಸ್ತ್ರಿ, ಮೆಷಿನ್ ನಿಲ್ಲಿಸಿ. ಒಂದು ಫಾರಂ ಇಲ್ಲ."

ಮೇಸ್ತ್ರಿ ಅವಳ ಕೈಯಲ್ಲಿದ್ದ ಬಿಚ್ಚಿದ ಪುಸ್ತಕ ನೋಡಿದ. "ಎಲ್ಲಾ ಇದೆಯಲ್ಲೇ. ನೀನೇ ಪಾಸು ಮಾಡಿದ್ದು."

"ಅಂಕಿ ಇದೆ. ಕಥೆ ಇಲ್ಲ."

"ಕಥೆ ಎಣಿಸೋ ಕೆಲಸ ಯಾವಾಗಿನಿಂದ ಶುರು ಮಾಡಿದೆ? ಹೋಗು, ಮೇಲೆ ಮೇಷ್ಟ್ರಿದಾರೆ, ಅವರನ್ನ ಕೇಳು."

ಮೇಷ್ಟ್ರು ಎಂದರೆ ಕರಡು ತಿದ್ದುವವರು. ಶಾಲೆಯಿಂದ ನಿವೃತ್ತರಾಗಿ ಮಹಡಿಯ ಮೂಲೆಯಲ್ಲಿ ಕೂತು ಅಚ್ಚಿಗೆ ಮುಂಚೆ ಪ್ರತಿ ಅಕ್ಷರ ಓದುತ್ತಿದ್ದರು. ಅವಳ ಮಾತು ಮುಗಿಯುವ ಮೊದಲೇ ತಲೆ ಆಡಿಸಿದರು.

"ನನಗೂ ಹಾಗೇ ಅನ್ನಿಸ್ತಮ್ಮ. ಪ್ರಕಾಶಕರಿಗೆ ಫೋನ್ ಮಾಡಿ ಕೇಳಿಸಿದೆ. ಏನೂ ಬಿಟ್ಟುಹೋಗಿಲ್ಲ ಅಂತ ಬರೆದವರೇ ಹೇಳಿದ್ರಂತೆ. ಓದೋರಿಗೆ ಹಾರೋ ಡ್ರ್ಯಾಗನ್ ಬೇಕು, ಅದಕ್ಕೇ ಹಾರಿಸಿದೆ ಅಂದ್ರಂತೆ."

"ರೆಕ್ಕೆ?"

"ರೆಕ್ಕೆ ವಿಷಯ ಯಾರು ಜ್ಞಾಪಕ ಇಟ್ಕೊಂಡಿರ್ತಾರೆ ಅಂದ್ರಂತೆ."

ಅವಳು ಕೂರಲು ಕುರ್ಚಿ ಹುಡುಕಿದಳು. ಇದ್ದ ಒಂದು ಕುರ್ಚಿಯಲ್ಲಿ ಮೇಷ್ಟ್ರೇ ಕೂತಿದ್ದರು. ನಿಂತೇ ಹೇಳಿದಳು: "ಮೇಷ್ಟ್ರೇ, ನೀವು ಓದಿದವರು. ನೀವೇ ಹದಿನಾರು ಪುಟ ಬರೆದುಕೊಡಿ. ಹತ್ತು ಪುಟ ಆದ್ರೂ ಸಾಕು. ಹಿಮ ದಾಟಿ ನಡೆದು ಬಂದ ಅಂತ. ನಾನು ಸೇರಿಸಿ ಹೊಲೀತೀನಿ, ಯಾರಿಗೂ ಗೊತ್ತಾಗಲ್ಲ."

"ನಾನು ತಪ್ಪು ತಿದ್ದೋನಮ್ಮ" ಎಂದರು ಮೇಷ್ಟ್ರು. "ಇಲ್ಲದೆ ಇರೋದನ್ನ ಏನಂತ ತಿದ್ದಲಿ?"

ಬಸ್ಸಿನಲ್ಲಿ ಅವಳು ತಾನೇ ಪ್ರಯತ್ನಿಸಿದಳು. ಮುರುಕ ನಡೆದ. ಒಂದು ಗುಹೆ ಸಿಕ್ಕಿತು. ಅಲ್ಲಿ ಕುರಿ ಕಾಯುವ ಹೆಂಗಸೊಬ್ಬಳು ಅವನಿಗೆ ನೀರು ಕೊಟ್ಟಳು. ಆಮೇಲೆ? ಆಮೇಲೆ ಮುರುಕ ಮಲಗಿದ, ಏಳಲಿಲ್ಲ. ಮತ್ತೆ ಮೊದಲಿನಿಂದ ನಡೆಸಿದಳು. ಈ ಸಲ ಗುಹೆಯೂ ಸಿಗಲಿಲ್ಲ. ಅವಳ ತಲೆಯಲ್ಲಿ ಅವನು ಎಷ್ಟು ಸಲ ಹೊರಟನೋ ಅಷ್ಟೂ ಸಲ ಸತ್ತ. ಕಥೆ ಕಟ್ಟುವುದು ಪುಸ್ತಕ ಕಟ್ಟಿದಂತಲ್ಲ. ಅದಕ್ಕೆ ಬೇರೆ ಕೈ ಬೇಕು, ಆ ಕೈ ಅವಳಿಗಿರಲಿಲ್ಲ.

ವಾರ್ಡಿನಲ್ಲಿ ತಮ್ಮನ ತುಟಿ ಒಣಗಿತ್ತು. ಅವಳನ್ನು ಕಂಡು ಕೈಚಾಚಿದ.

"ತಂದ್ಯಾ?"

ಸುಳ್ಳು ಹೇಳಬೇಕೆಂದೇ ಬಂದಿದ್ದಳು. ಬಾಯಿ ಬರಲಿಲ್ಲ. "ಯಾವ ಫಾರಮ್ಮೂ ಬಿಟ್ಟಿಲ್ಲ ಕಣೋ. ಬರೆದಿರೋದೇ ಅಷ್ಟು."

ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಹಾಗಾದ್ರೆ ಬರೆದೋನಿಗೇ ಅವನನ್ನ ನಡೆಸೋಕೆ ಆಗಲಿಲ್ಲ."

"ಅವನಿಗೆ ಸೋಮಾರಿತನ. ಅವನ ಮನೆ ಹಾಳಾಗ."

"ಸೋಮಾರಿತನ ಅಲ್ಲಕ್ಕ. ಯೋಚನೆ ಮಾಡಿರ್ತಾನೆ. ನಡೆದು ಎಲ್ಲಿಗೆ ಹೋಗ್ತಾನೆ ಮುರುಕ? ಎಲ್ಲೂ ಇಲ್ಲ. ಅದಕ್ಕೇ ರೆಕ್ಕೆ ಅಂಟಿಸಿಬಿಟ್ಟ." ಗೋಡೆಯ ಕಡೆ ತಿರುಗಿದ.

"ಬದುಕಿದ್ರೆ ಹೂಂ ಅಂತೀನಿ ಅಂದಿದ್ದೆ. ಬದುಕಿದಾನಲ್ಲ!"

"ಅದು ಮೋಸ."

"ಮೋಸಾನೇ ಆಗ್ಲಿ. ಹೂಂ ಅನ್ನೋ. ನಿನ್ನ ಕಾಲಿಗೆ ಬೀಳ್ತೀನಿ, ಹೂಂ ಅನ್ನು."

"ಯಾವ ಕಾಲಿಗೆ?" ಎಂದ ಅವನು, ಗೋಡೆಗೇ.

ವಾಚ್‌ಮನ್ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ತಮ್ಮನಿಗೆ ಜ್ವರ ನೆತ್ತಿಗೇರಿ ಮಾತು ಎತ್ತೆತ್ತಲೋ ಹೋಗತೊಡಗಿತು. ಡಾಕ್ಟರ್ ಬಂದು ಹೊದಿಕೆ ಸರಿಸಿ ನೋಡಿದರು. ಈಗ ಮೊಣಕಾಲಿನ ಮೇಲೆ ತೆಗೆಯಬೇಕು ಎಂದರು. "ಪುಸ್ತಕಕ್ಕೆ ಕಾಯದೆ ಇದ್ದಿದ್ರೆ ಮೊಣಕಾಲು ಉಳೀತಿತ್ತು" ಎಂದೂ ಹೇಳಿದರು. ಹೇಳಬಾರದಿತ್ತು ಎನ್ನಲು ಸಾಧ್ಯವಿಲ್ಲ; ಅದು ನಿಜ. "ಅವರು ಹೇಳೋ ಸ್ಥಿತೀಲಿ ಇಲ್ಲ. ನೀವು ಹೇಳಬೇಕು. ಈಗಲೇ."

ಬೇಡ ಎಂದು ಗೋಡೆಗೆ ಮುಖ ಮಾಡಿದವನ ಪರವಾಗಿ ಅವಳು ಹೂಂ ಎಂದಳು.

ಅವನು ಉಳಿದುಕೊಂಡ. ಎಚ್ಚರವಾದ ಮೇಲೆ ಹೊದಿಕೆ ತಗ್ಗಿದ ಜಾಗವನ್ನು ನೋಡಿದ, ಅಕ್ಕನನ್ನು ನೋಡಿದ. ಅವಳು ದಿನವೂ ಬಂದು ಮೈ ಒರೆಸಿದಳು, ಊಟ ಮಾಡಿಸಿದಳು. ಅವನು ಬಾಯಿ ತೆರೆದದ್ದು ಅನ್ನಕ್ಕೆ ಮಾತ್ರ. ಅವಳೂ ಸಮಾಧಾನ ಹೇಳಲಿಲ್ಲ. ದಬ್ಬಳಕ್ಕೆ ಚುಚ್ಚುವುದು ಗೊತ್ತು, ಸವರುವುದು ಗೊತ್ತಿಲ್ಲ.

ಒಂದು ದಿನ ಅವಳು ತಟ್ಟೆ ತೊಳೆದು ಬರುವಾಗ ಅವನು ಕೇಳಿದ: "ಹೂಂ ಅಂದಿದ್ದು ಯಾರು?"

"ನಾನು."

"ನಾನು ಬೇಡ ಅಂದಿದ್ದೆ."

"ಅಂದಿದ್ದೆ."

"ಯಾಕಂದೆ?"

"ನೀನು ಸತ್ತರೆ ನನಗೆ ಬಯ್ಯೋಕೆ ಯಾರೂ ಇರಲ್ಲ."

ಅವನು ನಗಲಿಲ್ಲ. ಕ್ಷಮಿಸಿದ ಎಂದು ನಾನು ಬರೆಯುವುದಿಲ್ಲ. ಅವಳಿಗೂ ಹಾಗೆ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಪುಸ್ತಕ ಎಲ್ಲಿ?"

"ಬಿಚ್ಚಿ ಹಾಕಿದೀನಿ. ಚೀಲದಲ್ಲಿ ಬಿದ್ದಿದೆ."

"ಮೊದಲನೇ ಫಾರಂ ಮಾತ್ರ ತೆಗಿ."

ತೆಗೆದಳು. ಹದಿನಾರು ಪುಟ, ರಟ್ಟಿಲ್ಲ, ಬೆನ್ನಿನ ಮೇಲೆ ಒಣಗಿದ ಗೋಂದು. ಓದಿದಳು. ಮುರುಕ ಹಿಮದಲ್ಲಿ ನಡೆದ, ಹಸಿದ, ಬಿದ್ದ, ಎದ್ದ. ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಮುಂಗಾಲನ್ನು ಹಿಮದಿಂದ ಎತ್ತಿ, ಅಲ್ಲಿಗೆ ಹಾಳೆ ಮುಗಿದಿತ್ತು.

"ಎತ್ತಿ? ಆಮೇಲೆ ಏನಾಯ್ತು ತಾಯಿ?" ಎಂದ ವಾಚ್‌ಮನ್ ಪಕ್ಕದ ಮಂಚದಿಂದ.

"ಆಮೇಲೆ ಇಲ್ಲ ತಾತ" ಎಂದ ತಮ್ಮ. "ಇನ್ನೊಂದ್ಸಲ ಓದಕ್ಕ."

ಅವಳು ಫಾರಂ ತಿರುವಿ ಮತ್ತೆ ಮೊದಲ ಪುಟಕ್ಕೆ ಬಂದಳು.