ದುರುಗಪ್ಪ ಕಾಕಾನ ಕೇಸು

ಆಗೆಲ್ಲ ಸಿರುಗುಪ್ಪದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಫುಟ್‌ಬಾಲ್. ವಕೀಲನಾಗಿ ಹತ್ತು ವರ್ಷವಾಗಿದ್ದರೂ ಅಪ್ಪ ಬೆಳಗಿನ ಬಸ್ಸಿಗೆ ನನ್ನನ್ನೂ ಹತ್ತಿಸಿಕೊಂಡು ಬಳ್ಳಾರಿಗೆ ಹೋಗಿ, ಹಳೆಯ ಜೊತೆಗಾರರೊಡನೆ ಆಡಿ ಬರುತ್ತಿದ್ದ. ಗೋಲ್ ಕಾಯುತ್ತಿದ್ದವನು ಅಪ್ಪನ ಗೆಳೆಯ ದುರುಗಪ್ಪ ಕಾಕಾ. ನಮ್ಮೂರಿನ ಅಕ್ಕಿ ಗಿರಣಿಯೊಂದರಲ್ಲಿ ಫಿಟರ್. ಆಟ ಮುಗಿದ ಮೇಲೆ ಸತ್ಯನಾರಾಯಣಪೇಟೆಯ ಮೂಲೆಯಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಒದ್ದೆ ಬನಿಯನ್ನಿನ ಬೆವರು, ಕರಿದ ಮೆಣಸಿನಕಾಯಿಯ ಘಾಟು ನನಗೆ ಇಂದಿಗೂ ಒಟ್ಟಿಗೇ ನೆನಪಾಗುತ್ತವೆ.

“ಲೇ ಪಂಪಾ, ಕೋರ್ಟಿಗೆ ಹೋಗಿ ಹೋಗಿ ಹೊಟ್ಟಿ ಬಂತಲೇ ನಿನಗ!” ಎಂದು ಕಾಕಾ ರೇಗಿಸಿದರೆ, ಅಪ್ಪ ನಗುತ್ತ ತನ್ನ ಪಾಲಿನ ಮಿರ್ಚಿಯನ್ನು ಅವನ ತಟ್ಟೆಗೆ ಹಾಕುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಪುರಸಭೆ ಚುನಾವಣೆ ಬಂತು. ಅಪ್ಪ ನಮ್ಮ ವಾರ್ಡಿಗೆ ನಿಂತ. ಅದೇ ವಾರ ಗಿರಣಿಯ ಬೆಲ್ಟಿಗೆ ಸಿಕ್ಕಿ ಕಾಕಾನ ಬಲಗೈಯ ಮೂರು ಬೆರಳು ಹೋದವು. ಬ್ಯಾಂಡೇಜಿನ ಕೈಯನ್ನು ಎದೆಗವಚಿಕೊಂಡು ಅವನು ಮನೆಗೆ ಬಂದ.

“ತಪ್ಪು ನಂದೇ ಅಂತಾರ ಮಾಲಕರು. ಕೇಸು ಹಾಕು ಪಂಪಾ.”

ಅಪ್ಪನ ಪ್ರಚಾರಕ್ಕೆ ಜೀಪು ಕೊಟ್ಟಿದ್ದವರು ಅದೇ ಮಾಲೀಕರು. ಜೀಪು ಬಾಗಿಲ ಮುಂದೆಯೇ ನಿಂತಿತ್ತು. ಅಪ್ಪ ನೆಲ ನೋಡುತ್ತ, “ಎಲೆಕ್ಷನ್ ಮುಗೀಲಿ, ತಡಿ. ನಾ ಅದೀನಲ್ಲ,” ಎಂದ.

ಕಾಕಾ ಜೀಪಿನ ಕಡೆ ಒಮ್ಮೆ ನೋಡಿದ. ಅಮ್ಮ ಕೊಟ್ಟ ಚಹಾ ಮುಗಿಸಿ ಎದ್ದು ಹೋದ.

ಅಪ್ಪ ಗೆದ್ದ. ಮುಖದ ಗುಲಾಲು ಕೂಡ ತೊಳೆಯದೆ ಕಾಕಾನ ಮನೆಗೆ ಹೋದರೆ ಬೀಗ ಹಾಕಿತ್ತು. ಹೆಂಡತಿಯ ತವರು ಕುರುಗೋಡಿಗೆ ಹೋದರೆಂದು ಪಕ್ಕದವರು ಹೇಳಿದರು. ಮರುದಿನವೇ ನಾವಿಬ್ಬರೂ ಕುರುಗೋಡಿಗೆ ಹೋದೆವು.

ಅಂಗಳದಲ್ಲಿ ಕೂತಿದ್ದ ಕಾಕಾ ಎದ್ದು ನಿಂತ. “ಬರ್ರಿ ವಕೀಲ್ರ, ಕುಂದರ್ರಿ.”

“ಯಾಕಲೇ ಹಂಗ ಮಾತಾಡ್ತಿ? ಸಹಿ ಮಾಡು, ನಾಳೇನ ಕೇಸು ಹಾಕ್ತೀನಿ.”

“ರಾಜಿ ಆಗೇತ್ರಿ. ಕೊಟ್ಟಷ್ಟು ತಗೊಂಡ್ನಿ. ಮನಿ ನಡೀಬೇಕಲ್ರಿ.”

ವಾಪಸು ಬರುವಾಗ ಅಪ್ಪ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಳ್ಳಾರಿಯ ಭಾನುವಾರಗಳೂ ಅಲ್ಲಿಗೆ ಮುಗಿದವು.

ಆಮೇಲೆ ಅಪ್ಪ ಮತ್ತೆರಡು ಸಲ ಗೆದ್ದ. ಕೂಲಿಕಾರರ ಕೇಸುಗಳನ್ನು ಫೀಸಿಲ್ಲದೆ ನಡೆಸಿದ. ಕುರುಗೋಡಿನ ಮಾತು ಮಾತ್ರ ಎತ್ತಲಿಲ್ಲ. ಹೋದ ವರ್ಷ, ಹಾಸಿಗೆ ಹಿಡಿಯುವ ಮೊದಲು, “ದುರುಗನ್ನ ನೋಡಬೇಕವ್ವ,” ಎಂದು ನನಗೆ ಹೇಳಿದ. ಕಾರಿನಲ್ಲಿ ಕುರುಗೋಡಿಗೆ ಕರೆದೊಯ್ದೆ. ಬಾಗಿಲು ತೆರೆದ ಕಾಕಾನ ಮಗನಿಗೆ ನಮ್ಮ ಗುರುತು ಸಿಗಲಿಲ್ಲ.

“ಅಪ್ಪ ಹೋಗಿ ಎರಡು ವರ್ಷ ಆತ್ರಿ. ನೀವು ಯಾರ್ರಿ?”

ಅಪ್ಪ ಹೆಸರು ಹೇಳಲಿಲ್ಲ.

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಬರುತ್ತಿದ್ದವನು ಕಾಕಾ. ಅವನ ಸಾವನ್ನು ನಮಗೆ ತಿಳಿಸಬೇಕೆಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ.