ಗೋಡೆ ತುಂಬ ಚೀಟಿ ಅಂಟಿಸಿದವಳು

ಸುಣ್ಣ ಹೊಡೆಸಲು ಮೇಲಿನ ಮನೆಯ ಬೀರು ಸರಿಸಿದಾಗ ಹಿಂದಿನಿಂದ ಒಂದು ಹಳದಿ ಅಂಟುಚೀಟಿ ಉದುರಿತು. ‘ಕಾದದ್ದು ೯ ದಿನ’ ಎಂದಿತ್ತು. ಬರೆದವಳು ಯಾರೆಂದು ತಕ್ಷಣ ಗೊತ್ತಾಯಿತು. ಆಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ.

ಆ ಹುಡುಗಿ ಜಯನಗರದ ಈ ಮನೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದಳು. ಮನೆಯಿಂದಲೇ ಕಂಪ್ಯೂಟರ್ ಕೆಲಸ. ಕೈಕೆಳಗೆ ಆರು ಜನ. ಒಂದು ಗುರುವಾರ ಊಟ ಬಿಟ್ಟು ಕೂತಿದ್ದಳು. ಅವರ ಕೆಲಸವೆಲ್ಲ ತಡವಾಗುತ್ತಿತ್ತಂತೆ. ಯಾರು ಎಷ್ಟು ಮುಗಿಸಿದರೆಂದು ಎಣಿಸಿ, ಎಲ್ಲರಿಗಿಂತ ಹಿಂದಿದ್ದವನನ್ನು ಸೋಮವಾರ ಕೆಲಸದಿಂದ ತೆಗೆಯುವುದೆಂದು ಕಂಪನಿಯ ಮೇಲಿನವರು ತೀರ್ಮಾನಿಸಿದ್ದರು.

“ಅವ್ನು ಸೋಮಾರಿ ಅಲ್ಲ ಅಜ್ಜಿ. ಆದ್ರೆ ನಂಬರ್ ಹಂಗೇ ಹೇಳ್ತಿದೆ.”

ನಾನು ಓದಿದ್ದು ನಾಲ್ಕನೇ ಕ್ಲಾಸು. ರವಿಕೆ ಹೊಲಿದು ಸಂಸಾರ ನಡೆಸಿದವಳು.

“ರವಿಕೆ ಹೊಲಿಯೋಕೆ ನಂಗೆ ಎರಡು ಗಂಟೆ ಸಾಕು ಕಣೆ. ಕೊಡ್ತಿದ್ದಿದ್ದು ಎಂಟು ದಿನಕ್ಕೆ. ಹುಕ್ಕು ಹಾಕೋಳ ಮನೇಲಿ ಬಿದ್ದಿರ್ತಿತ್ತು, ಬೈಸ್ಕೊಳ್ತಿದ್ದೋಳು ನಾನು. ಅವನ ಕೆಲಸ ಎಲ್ಲಿ ಬಿದ್ದಿರುತ್ತೆ ಅಂತ ಅಳತೆ ಹಾಕು.”

ಮರುದಿನದಿಂದ ಹಳೆಯ ಕೆಲಸಗಳನ್ನೆಲ್ಲ ಕೆದಕಿ, ಒಂದೊಂದಕ್ಕೂ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದಳು. ಮಾಡಿದ್ದು ಎಷ್ಟು ಹೊತ್ತು, ಸುಮ್ಮನೆ ಕಾದದ್ದು ಎಷ್ಟು ದಿನ... ಭಾನುವಾರ ಕಾಫಿ ಹಿಡಿದು ಮೇಲೆ ಹತ್ತಿದೆ. ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ಎಲ್ಲಿ ಬಿದ್ದಿತ್ತೇ?”

“ನನ್ ಹತ್ರಾನೇ. ಅವ್ನು ಎರಡು ದಿನಕ್ಕೆ ಮುಗ್ಸಿ ಕಳಿಸ್ತಾನೆ. ನಾನು ನೋಡಿ ಸರಿಯಿದೆ ಅನ್ನೋಕೆ ಒಂಬತ್ತು ದಿನ. ಕಷ್ಟದ್ದೆಲ್ಲ ಅವ್ನಿಗೇ ಕೊಡೋದು, ಕಷ್ಟದ್ದನ್ನ ನಾನೇ ನೋಡ್ಬೇಕು ಅಂತ ರೂಲ್ಸ್ ಮಾಡಿದ್ದೂ ನಾನೇ.”

ನಾನು ಬಾಗಿಲು ಮುಂದೆ ಮಾಡಿದೆ. “ಕಿತ್ತು ಬಿಸಾಕು. ಯಾರಿಗೆ ಗೊತ್ತಾಗುತ್ತೆ?”

ಅವಳು ನನ್ನನ್ನೇ ನೋಡಿದಳು. “ಅಳತೆ ಹಾಕು ಅಂದೋರು ನೀವೇ ಅಲ್ವಾ ಅಜ್ಜಿ?” ಎಂದಳು. ಕಾಫಿ ಕುಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ಗೋಡೆಯ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದಳು. ಅವನ ಕೆಲಸ ಉಳಿಯಿತು. ಅವಳದು ಹೋಯಿತು. ತಿಂಗಳೊಳಗೆ ಮನೆ ಖಾಲಿ ಮಾಡಿದಳು. ಆಟೋ ಹೊರಡುವ ತನಕ ನಾನು ಅಡುಗೆಮನೆ ಬಿಟ್ಟು ಬರಲಿಲ್ಲ. ಹೇಳಿದ ಮಾತು ಕೇಳಲಿಲ್ಲವೆಂಬ ಕೋಪ ಎಂದುಕೊಂಡಿದ್ದೆ. ಕೋಪವಲ್ಲ, ನಾಚಿಕೆ.

ನೀನು ಮಾಡಿದ್ದೇ ಸರಿ ಎಂದು ಅವಳಿಗೆ ಹೇಳಬೇಕಿತ್ತು. ಈ ವಾರ ಅವಳ ಹಳೆಯ ನಂಬರಿಗೆ ಮೂರು ಸಲ ಫೋನ್ ಮಾಡಿದೆ. ಯಾರೋ ಗಂಡಸು ಎತ್ತುತ್ತಾನೆ, ಆ ನಂಬರ್ ಈಗ ಅವನದಂತೆ, ಅವಳು ಯಾರೆಂದೇ ಗೊತ್ತಿಲ್ಲವಂತೆ. ಮೂರನೇ ಸಲ ಪಾಪ, “ಏನಾದ್ರೂ ಹೇಳ್ಬೇಕಿತ್ತಾ ಅಜ್ಜಿ?” ಎಂದು ಕೇಳಿದ.

ಹೌದು, ನಿನಗಲ್ಲಪ್ಪ ಎಂದು ಇಟ್ಟುಬಿಟ್ಟೆ.